ಹನ್ನೊಂದು ಮತ್ತು ಸ್ವಲ್ಪ

ಆರ್ವೋನ ಹತ್ತಿರ ಎಷ್ಟು ಬಿಲ್ಲುಗಳಿವೆ ಎಂದು ಯಾರಾದರೂ ಕೇಳಿದರೆ
ಹನ್ನೊಂದು ಮತ್ತು ಸ್ವಲ್ಪ, ಅನ್ನುತ್ತೇನೆ.

ಎಲ್ಲವೂ ಕಳಚುಬಿಲ್ಲುಗಳು.
ನಡುವೆ ಮರದ ಹಿಡಿ, ಮೇಲೊಂದು ತೋಳು, ಕೆಳಗೊಂದು;
ಎರಡು ತಿರುಪು ಬಿಚ್ಚಿದರೆ ಮೂರು ತುಂಡು,
ಪಿಟೀಲಿನ ಪೆಟ್ಟಿಗೆಯಂಥದರಲ್ಲಿ ಮಲಗುತ್ತವೆ.
ತುದಿಗಳು ಬಿಲ್ಲುಗಾರನಿಂದ ಆಚೆಗೆ ಬಾಗಿರುತ್ತವೆ,
ಮುನಿಸಿಕೊಂಡು ಮುಖ ತಿರುಗಿಸಿದವರ ಹಾಗೆ.

ಅರವತ್ತು, ಎಪ್ಪತ್ತರ ದಶಕದವು.
ಸತ್ತವರ ಮನೆಯ ಹರಾಜಿನಲ್ಲಿ ಸಿಕ್ಕವು, ಗ್ಯಾರೇಜಿನ ಮೂಲೆಯವು.
ಒಮ್ಮೆ ಒಬ್ಬಾಕೆಯ ಟೊಮೆಟೊ ಗಿಡಕ್ಕೆ ಊರೆಯಾಗಿ ನಿಂತಿದ್ದನ್ನು
ಹದಿನೈದು ಡಾಲರ್ ಮತ್ತು ಒಂದು ಹೊಸ ಗೂಟ ಕೊಟ್ಟು ತಂದ.
ತಿರುಚಿಕೊಂಡ ತೋಳನ್ನು ಬಿಸಿನೀರಿಗೆ ಹಿಡಿದು
ನನ್ನ ಅಡುಗೆಮನೆಯ ಮೇಜಿನಂಚಿನಲ್ಲಿ ನೆಟ್ಟಗೆ ಮಾಡುತ್ತಾನೆ.
ಯಾರೋ ಬಳಿದ ಹಸಿರು ಬಣ್ಣ ಕೆರೆದರೆ ಕೆಳಗೆ ರೋಸ್‌ವುಡ್.
ಹಿಡಿಗೆ ಜಿಂಕೆಯ ಚರ್ಮ,
ಹೆದೆ ಗುಂಯ್‌ಗುಡದಿರಲೆಂದು ಬೀವರ್ ತುಪ್ಪಳದ ಎರಡು ಕುಚ್ಚು.
ಹಿಂದಿನವರ ಹೆಬ್ಬೆರಳು ಸವೆಸಿದ ಜಾಗವನ್ನು ಮಾತ್ರ ಉಜ್ಜುವುದಿಲ್ಲ.
ಅದು ನನ್ನದಲ್ಲ, ಅನ್ನುತ್ತಾನೆ.

ಆ ಸ್ವಲ್ಪದ ಕತೆ ಬೇರೆ.
ಹಿಡಿ ಇದೆ. ಮೇಲಿನ ತೋಳಿದೆ,
ಬುಡದಲ್ಲಿ ಬಿಳಿ ಶಾಯಿಯ ಅಂಕಿ, ನಾನೂರ ಹದಿನೇಳು.
ಅದೇ ಅಂಕಿಯ ಕೆಳಗಿನ ತೋಳು
ಸೇತುವೆಯಾಚೆ, ಕೆಳ ಮಿಶಿಗನ್ನಿನಲ್ಲಿ,
ಹಾರ್ಮನ್ ಡೈಕ್‌ಹೌಸನ ಗೋಡೆಯ ಮೇಲೆ.
ಇವನು ಬೇರೆ ತೋಳು ಜೋಡಿಸಿ ನೋಡಿದ್ದ;
ಬಾಣ ಕುಂಟಿತು.
ಇವನು ಮಾರುವುದಿಲ್ಲ. ಅವನು ಮಾರುವುದಿಲ್ಲ.
ಒಂಬತ್ತು ವರ್ಷ ಕಾಗದ ಬರೆದುಕೊಂಡರು,
ಬೆಲೆ ಏರಿತು, ಮಾತು ಇಳಿಯಿತು,
ಕೊನೆಗೆ ಒಪ್ಪಂದ: ವರ್ಷಕ್ಕೊಂದು ದಿನ, ಸೆಪ್ಟೆಂಬರಿನಲ್ಲಿ.

ಕಾರು ಓಡಿಸುವವಳು ನಾನು.
ಸೇಂಟ್ ಇಗ್ನಾಸಿನಲ್ಲಿ, ಮೀನಂಗಡಿಯ ಹಿಂದಿನ ಬಯಲು, ಒಂದು ಹುಲ್ಲಿನ ಪಿಂಡಿ.
ಸೇತುವೆಯ ಸುಂಕ ಕೊಟ್ಟು ಬರುವವನು ಹಾರ್ಮನ್,
ಅದಕ್ಕೇ ಪ್ಯಾಸ್ಟಿ ನಮ್ಮದು
(ಒಳಗಿನ ಟರ್ನಿಪ್ಪನ್ನು ಅವನು ಹೆಕ್ಕಿ ಪಕ್ಕಕ್ಕಿಡುತ್ತಾನೆ, ಏಳು ವರ್ಷದಿಂದ).
ಮಾತಿಲ್ಲದೆ ತಿರುಪು ಬಿಗಿಯುತ್ತಾರೆ.
ಹೆದೆಯೇರಿಸಲು ಒಬ್ಬ ಹಿಡಿದುಕೊಳ್ಳಬೇಕು, ಒಬ್ಬ ಬಗ್ಗಿಸಬೇಕು,
ಎಪ್ಪತ್ತೆರಡರ ಮಂಡಿಗಳು.
ತಲಾ ಆರು ಬಾಣ.

ಈ ಸಲ ಹಾರ್ಮನ್ ಐದನೆಯದನ್ನು ಕೆನ್ನೆಯವರೆಗೆ ಎಳೆದಾಗ
ಟಕ್ ಎಂದಿತು ಏನೋ.
ಮೂವರಿಗೂ ಕೇಳಿಸಿತು.
ಕನ್ನಡಕ ಬದಲಿಸಿ ನೋಡಿದರು, ಉಗುರಿನಿಂದ ಸವರಿದರು,
ಹತ್ತಿಯ ಉಂಡೆ ಎಳೆದರು.
ಬಿರುಕಿದ್ದರೆ ಎಳೆ ಸಿಕ್ಕಿಕೊಳ್ಳುತ್ತದಂತೆ. ಸಿಕ್ಕಿಕೊಳ್ಳಲಿಲ್ಲ.
ನಿನ್ನ ತೋಳು, ಎಂದ ಆರ್ವೋ.
ನಿನ್ನ ತೋಳು, ಎಂದ ಹಾರ್ಮನ್.
ಹಾರ್ಮನ್ನನ ಭುಜವೇ ಇರಬಹುದಲ್ಲ, ಎಂದೆ ನಾನು.
ಯಾರೂ ನಗಲಿಲ್ಲ.
ಆರನೆಯ ಬಾಣ ಬತ್ತಳಿಕೆಯಲ್ಲೇ ಉಳಿಯಿತು.

ಸರೋವರದಿಂದ ಗಾಳಿ ಎದ್ದಿತ್ತು.
ಬಿಚ್ಚಿದ್ದು ಅವರು, ಸುತ್ತಿದ್ದು ನಾನು,
ನನ್ನ ಹಳೆಯ ಫ್ಲಾನೆಲ್ ನಿಲುವಂಗಿ ಹರಿದ ಎರಡು ತುಂಡು,
ಒಂದೇ ನೀಲಿ, ಒಂದೇ ಚೌಕುಳಿ.

ಮನೆಗೆ ಬಂದು ಬಿಡಿಸಿದರೆ
ಹಾರ್ಮನ್ನನ ತೋಳು.
ಆರ್ವೋ ದೀಪದ ಕೆಳಗೆ ಬಹಳ ಹೊತ್ತು ತಿರುಗಿಸಿದ.
ತುದಿಯಲ್ಲಿ ಕೂದಲೆಳೆಯಂಥ ಅಂಟಿನ ಗೆರೆ, ಹಳೆಯ ದುರಸ್ತಿ,
ಇಷ್ಟು ಸೆಪ್ಟೆಂಬರುಗಳಲ್ಲಿ ಇವನ ಕಣ್ಣಿಗೆ ಬಿದ್ದಿರದಷ್ಟು ನಾಜೂಕು.
ಹಿಡಿಯೊಳಗೆ ಕೂರುವ ಬುಡದ ಮೇಲೆ, ಪೆನ್ಸಿಲಿನಲ್ಲಿ
ಏಳು ಗೀಟುಗಳು. ಏಳನೆಯದು ಇನ್ನೂ ಹೊಳೆಯುತ್ತಿತ್ತು.
ಅಲ್ಲಿ, ನೀರಿನಾಚೆ, ಇನ್ನೊಬ್ಬ
ಇನ್ನೊಂದನ್ನು ತಿರುಗಿಸುತ್ತಿರಬೇಕು.

ಫೋನು ಇವನೂ ಮಾಡಲಿಲ್ಲ, ಅದೂ ಹೊಡೆದುಕೊಳ್ಳಲಿಲ್ಲ.
ಗುರುವಾರ ಕೇಳಿದ: ಬೇಕೆಂದೇ ಮಾಡಿದೆಯಾ?
ಒಲೆಯ ಮೇಲೆ ಅವನದೇ ನೀರು ಉಕ್ಕುತ್ತಿತ್ತು, ಯಾವುದೋ ತೋಳಿಗೆಂದು.
ಉರಿ ಸಣ್ಣ ಮಾಡು, ಅಂದೆ.